‘ಹೊಟ್ಟಿ ಖಾಲಿ ಐತಿ’ ಎಂಬ ಹೇಳಿಕೆಯ ಕುರಿತು

ಈ ಬರವಣಿಗೆಯನ್ನು ಯಾವ ಕಚೇರಿಯ ವಿಳಾಸಕ್ಕೆ ಕಳುಹಿಸಬೇಕೆಂಬುದು ತಿಳಿಯದ ಕಾರಣ ಓದುವವರನ್ನೇ ಉದ್ದೇಶಿಸಿ ಬರೆಯುತ್ತಿದ್ದೇನೆ. ರಜೆಯ ಅರ್ಜಿ, ಔಷಧಿಯ ಬೇಡಿಕೆ ಪತ್ರ ಮತ್ತು ವಾರ್ಡಿನ ವರದಿಗಳ ಹೊರತು ನಾನು ಇದುವರೆಗೆ ಬೇರೇನನ್ನೂ ಬರೆದವಳಲ್ಲ. ಭಾಷೆ ಆ ಕಡೆಗೆ ವಾಲಿದರೆ ಮನ್ನಿಸಬೇಕಾಗಿ ಕೋರುತ್ತೇನೆ. ವಿಷಯ ಇಷ್ಟು. ಹಳಿಯಾಳ ತಾಲ್ಲೂಕಿನ ಒಬ್ಬ ಮಹಿಳೆಗೆ ಎರಡನೆಯ ಶಸ್ತ್ರಚಿಕಿತ್ಸೆ ಅವಶ್ಯವಾಗಿತ್ತು. ಮಾಡಿಸಿಕೊಳ್ಳದಿದ್ದರೆ ಜೀವಕ್ಕೆ ಅಪಾಯವಿತ್ತು. ಅವರು ಒಪ್ಪುತ್ತಿರಲಿಲ್ಲ, ಏಕೆ ಒಪ್ಪುತ್ತಿಲ್ಲವೆಂಬುದು ನಮ್ಮಲ್ಲಿ ಯಾರಿಗೂ ತಿಳಿದಿರಲಿಲ್ಲ. ಅದು ತಿಳಿದುಬಂದ ಬಗೆಯನ್ನೂ ಅದರಲ್ಲಿ ನನ್ನ ಪಾಲನ್ನೂ ನಡೆದ ಕ್ರಮದಲ್ಲಿಯೇ ನಿವೇದಿಸುತ್ತಿದ್ದೇನೆ.

ನಾನು ಒಂದು ಸಣ್ಣ ಧರ್ಮಾರ್ಥ ಆಸ್ಪತ್ರೆಯ ಶಸ್ತ್ರಚಿಕಿತ್ಸಾ ವಾರ್ಡಿನ ಹಿರಿಯ ನರ್ಸ್. ದಾಂಡೇಲಿ, ಹಳಿಯಾಳ, ಜೋಯಿಡಾ, ಮುಂಡಗೋಡ ಈ ನಾಲ್ಕೂ ಕಡೆಯ ಜನ ನಮ್ಮಲ್ಲಿಗೆ ಬರುತ್ತಾರೆ. ಶಸ್ತ್ರವೈದ್ಯರು ವಾರಕ್ಕೆ ಎರಡು ದಿನ ಹುಬ್ಬಳ್ಳಿಯಿಂದ ಬಂದು ಹೋಗುತ್ತಾರೆ. ಶಸ್ತ್ರಚಿಕಿತ್ಸೆಯಾದವರು ಮರುತಪಾಸಣೆಗೆ ಬಂದಾಗ ಒಂದು ನಮೂನೆಯನ್ನು ಭರ್ತಿ ಮಾಡುವುದು ನನ್ನ ಕೆಲಸ. ಅದರಲ್ಲಿ ‘ಶಸ್ತ್ರಚಿಕಿತ್ಸೆಯ ಅನುಭವ ಹೇಗಿತ್ತು?’ ಎಂಬ ಒಂದು ಪ್ರಶ್ನೆಯೂ, ಅದರ ಎದುರು ಮೂರು ಚೌಕಗಳೂ ಇವೆ. ಎಲ್ಲರೂ ‘ಚಲೋ ಇತ್ರಿ’ ಎನ್ನುತ್ತಿದ್ದರು. ಜೋಯಿಡಾ ಕಡೆಯ ಹಿರಿಯರು ಕೊಂಕಣಿಯಲ್ಲಿ ‘ಬರೆಂ ಆಸಾ’ ಎನ್ನುತ್ತಿದ್ದರು. ನಾನು ‘ಉತ್ತಮ’ ಎಂಬ ಮೊದಲ ಚೌಕಕ್ಕೆ ಗುರುತು ಹಾಕುತ್ತಿದ್ದೆ. ಗಾಯ ಕೀವಾಗಿ ಹದಿನೈದು ದಿನ ಮಲಗಿದ್ದವರೂ ‘ಚಲೋ ಇತ್ರಿ’ ಎಂದದ್ದನ್ನು ಒಂದು ದಿನ ಆಡಳಿತ ಮಂಡಳಿಯವರು ಗಮನಿಸಿದರು. ರೋಗಿಗಳ ಅನುಭವವನ್ನು ಪ್ರಶ್ನೆಗಳ ಬದಲು ಚಿತ್ರಕಲೆ ಮುಂತಾದ ಕಲೆಗಳ ಮೂಲಕ ಅರಿಯತಕ್ಕದ್ದು ಎಂದು ಸುತ್ತೋಲೆ ಹೊರಡಿಸಲಾಯಿತು. ಮುಂಡಗೋಡದ ಸನವಳ್ಳಿಯಿಂದ ಒಬ್ಬ ನಿವೃತ್ತ ಡ್ರಾಯಿಂಗ್ ಮಾಸ್ತರರನ್ನು ಕರೆಸಲಾಯಿತು. ಪ್ರತಿ ಬುಧವಾರ ಮಧ್ಯಾಹ್ನ ಹಿಂದಿನ ಪಡಸಾಲೆಯಲ್ಲಿ ತರಗತಿ. ಹಾಲಿ ಕರ್ತವ್ಯಗಳ ಜೊತೆಗೆ ಇದರ ಉಸ್ತುವಾರಿಯನ್ನೂ ನನಗೆ ವಹಿಸಲಾಯಿತು. ಬೆಳಿಗ್ಗೆಯ ಪಾಳಿ ಮುಗಿಸಿ, ಊಟದ ಡಬ್ಬಿಯನ್ನು ಅರ್ಧ ತೆರೆದು, ನಾನು ಪಡಸಾಲೆಗೆ ಹೋಗುತ್ತಿದ್ದೆ. ಕಲೆಯ ಬಗ್ಗೆ ನನಗೆ ವಿರೋಧವಿರಲಿಲ್ಲ. ಕಾಲು ನೋಯುತ್ತಿದ್ದವು, ಅಷ್ಟೇ.

ಮೊದಲ ಬುಧವಾರ ಮಾಸ್ತರರು ಆಳುದ್ದದ ಬಿಳಿ ಕಾಗದ ತಂದಿದ್ದರು. ರೋಗಿಯು ಕಾಗದದ ಮೇಲೆ ಮಲಗುವುದು, ಸುತ್ತಲೂ ಗೆರೆ ಎಳೆಯುವುದು, ನಂತರ ಆ ಆಕೃತಿಯಲ್ಲಿ ನೋವು, ಹೆದರಿಕೆ ಎಲ್ಲೆಲ್ಲಿತ್ತೋ ಅಲ್ಲಲ್ಲಿ ಬಣ್ಣ ತುಂಬುವುದು, ಇದು ವಿಧಾನ. ಒಂಬತ್ತು ಜನ ಬಂದಿದ್ದರು. ಒಬ್ಬರೂ ಮಲಗಲಿಲ್ಲ. ಕಾರಣ ಕೇಳಿದಾಗ ದಾಂಡೇಲಿಯ ಅಂಬೇವಾಡಿಯ ಒಬ್ಬ ಮೆಕ್ಯಾನಿಕ್ ಉತ್ತರಿಸಿದರು. ಹರ್ನಿಯಾ ಶಸ್ತ್ರಚಿಕಿತ್ಸೆಯಾಗಿದ್ದ ಇವರು ಆಡುವ ಮಾತಿಗೆ ವಾರ್ಡಿನಲ್ಲಿ ಎಲ್ಲರೂ ಕಿವಿ ಕೊಡುತ್ತಿದ್ದರು.

“ಸಿಸ್ಟರ, ನೆಲದ ಮ್ಯಾಲೆ ಬಿಳೀದು ಹಾಸಿ ಮಲಗಸೂದು ಹೆಣಾನ. ಸುತ್ತ ಗೆರಿ ಹೊಡಿಯೂದು ಪೊಲೀಸ್ರು. ನಾವು ಬದುಕಿ ಬಂದೇವಂತ ಖುಷಿಲೆ ಇದ್ರ, ನೀವು ಎರಡೂ ಕೂಡೇ ಮಾಡಾಕ ಹತ್ತೀರಲ್ಲ?”

ಎಲ್ಲರೂ ನಕ್ಕರು. ಮಾಸ್ತರರೂ ನಕ್ಕು, ಕಾಗದ ಸುತ್ತಿಟ್ಟರು. ಎರಡು ಬಸ್ಸು ಬದಲಾಯಿಸಿ ಅದನ್ನು ಮಡಿಕೆ ಬೀಳದಂತೆ ತಂದಿದ್ದರು.

ಎರಡನೆಯ ಬುಧವಾರ ಮನುಷ್ಯಾಕೃತಿಯ ಚಿತ್ರಗಳನ್ನು ಮುದ್ರಿಸಿ, ಬಣ್ಣದ ಕಡ್ಡಿಗಳೊಂದಿಗೆ ಹಂಚಲಾಯಿತು. ಎಲ್ಲರೂ ಶಾಲೆಯ ಮಕ್ಕಳಂತೆ ಗೆರೆ ದಾಟದ ಹಾಗೆ ಬಣ್ಣ ತುಂಬಿದರು. ಒಬ್ಬ ಮುದುಕರು ಇಡೀ ದೇಹಕ್ಕೆ ಹಸಿರು ಬಳಿದಿದ್ದರು. ಅದರ ಅರ್ಥವೇನೆಂದು ಮಾಸ್ತರರು ಬಹಳ ಮೃದುವಾಗಿ ಕೇಳಿದರು. “ಉಳಿದ ಬಣ್ಣ ಎಲ್ಲಾ ಅವರ ಕೈಯಾಗ ಇದ್ದೂವು,” ಎಂದರು ಮುದುಕರು. ಆ ದಿನದ ವರದಿಯಲ್ಲಿ ನಾನು ‘ಪ್ರಗತಿಯಲ್ಲಿದೆ’ ಎಂದು ಬರೆದೆ.

ಮೂರನೆಯ ಬುಧವಾರ ಅದೇ ಮೆಕ್ಯಾನಿಕ್ ಕಾಗದದ ಹಿಂಬದಿಗೆ ತಾವಾಗಿ ಒಂದು ಚಿತ್ರ ಬರೆದರು. ಸ್ಕೂಟರಿನ ಎಂಜಿನ್ ಬಿಚ್ಚಿ ಮತ್ತೆ ಜೋಡಿಸಿದ ಚಿತ್ರ. ಪಕ್ಕದ ಬೆಂಚಿನ ಮೇಲೆ ಒಂದು ನಟ್ಟು ಉಳಿದಿತ್ತು.

“ಇದೇನ್ರಿ?” ಎಂದೆ.

“ಗಾಡಿ ಜೋಡ್ಸಿದ ಮ್ಯಾಲೆ ಒಂದು ನಟ್ ಉಳೀತಂದ್ರ ಗಾಡಿ ನಡೀತೈತಿ, ಆದ್ರ ನನಗ ಸಮಾಧಾನ ಇರೂದಿಲ್ಲ. ನನ್ನ ಹೊಟ್ಟಿ ಜೋಡ್ಸಿದ ಮ್ಯಾಲೆ ಏನಾರ ಉಳದಿತ್ತೋ ಏನೋ, ನಾ ಹೆಂಗ ನೋಡ್ಲಿ? ನನಗ ಮಂಪರಿತ್ತು.”

ಇದೇ ವ್ಯಕ್ತಿಯ ನಮೂನೆಯಲ್ಲಿ ನಾನು ಮೊದಲ ಚೌಕಕ್ಕೆ ಗುರುತು ಹಾಕಿದ್ದೆ. ಆ ದಿನ ಮಾಸ್ತರರು ಬಸ್ಸಿಗೆ ಹೊರಡುವ ಮುನ್ನ ನನ್ನೊಂದಿಗೆ ಸ್ವಲ್ಪ ಹೊತ್ತು ನಿಂತು, “ನಾವು ಇವರಿಗೆ ನಮ್ಮ ವಿದ್ಯಾ ಕಲಸಾಕ ಹೊಂಟೇವಿ, ಬಾಯಿಯವರ. ಅವರವರ ಕೈಯಾಗ ಏನ್ ಕೆಲಸ ಐತಿ ಅದನ್ನ ಮಾಡ್ಲಿ ಬಿಡ್ರಿ,” ಎಂದರು. ಮುಂದಿನ ವಾರದಿಂದ ಹಾಗೆಯೇ ಮಾಡಲಾಯಿತು. ಎಲ್ಲವೂ ಫಲ ಕೊಟ್ಟಿತೆಂದು ಹೇಳಲಾರೆ. ಜೋಯಿಡಾದ ಹಿರಿಯರು ಬಿದಿರು ತಂದು ನಾಲ್ಕು ವಾರ ಮೊರ ಹೆಣೆದರು, ಒಂದು ಮಾತೂ ಆಡಲಿಲ್ಲ. ಅವರ ಅನುಭವದ ಬಗ್ಗೆ ನಮಗೇನೂ ತಿಳಿಯಲಿಲ್ಲ, ವಾರ್ಡಿನ ಆಯಾಗೆ ಮಾತ್ರ ಒಂದು ಒಳ್ಳೆಯ ಮೊರ ಸಿಕ್ಕಿತು.

ಮೇಲೆ ಹೇಳಿದ ಮಹಿಳೆ ಈ ಹಂತದಲ್ಲಿ ಪಡಸಾಲೆಗೆ ಬಂದರು. ಅವರು ಸಿದ್ದಿ ಸಮುದಾಯದವರು, ವಯಸ್ಸು ನಲವತ್ತರ ಆಸುಪಾಸು, ಕೂಲಿ ಕೆಲಸ. ಎರಡು ವರ್ಷದ ಹಿಂದೆ ನಮ್ಮಲ್ಲಿಯೇ, ಈಗ ಇಲ್ಲಿಲ್ಲದ ಬೇರೊಬ್ಬ ವೈದ್ಯರಿಂದ, ಅವರ ಹೊಟ್ಟೆಯ ಶಸ್ತ್ರಚಿಕಿತ್ಸೆಯಾಗಿತ್ತು. ತಲೆಹೊರೆ ಹೊತ್ತು ಹೊತ್ತು ಹಳೆಯ ಹೊಲಿಗೆಯ ಒಳಪದರ ಬಿಟ್ಟುಕೊಂಡು, ಅಲ್ಲಿಂದ ಕರುಳು ಚರ್ಮದಡಿಗೆ ಉಬ್ಬಿ ಬರುತ್ತಿತ್ತು. ನಿಂತರೆ ತೆಂಗಿನಕಾಯಿಯಷ್ಟು ಉಬ್ಬು, ಮಲಗಿದರೆ ಮಾಯ. ಆ ತೂತನ್ನು ಮುಚ್ಚಲು ಮತ್ತೊಂದು ಶಸ್ತ್ರಚಿಕಿತ್ಸೆ ಬೇಕೆಂದು ಈಗಿನ ವೈದ್ಯರು ಮೂರು ಸಲ ಹೇಳಿದ್ದರು. ಮೂರು ಸಲವೂ ಅವರು “ಒಲ್ಲೆ” ಎಂದಿದ್ದರು. ಏಕೆಂದು ಕೇಳಿದರೆ, “ಹೊಟ್ಟಿ ಖಾಲಿ ಐತ್ರಿ,” ಎನ್ನುತ್ತಿದ್ದರು.

ಮೂರು ಸಲವೂ ಆ ಹೇಳಿಕೆಯನ್ನು ದಾಖಲಿಸಿಕೊಂಡವಳು ನಾನು. ಮೊದಲ ಸಲ ‘ಆಹಾರ ಸೇವನೆ ಸಾಲದು’ ಎಂದು ಬರೆದು ಪಥ್ಯದ ಚೀಟಿ ಕೊಟ್ಟೆ. ಎರಡನೆಯ ಸಲ ಮೊಟ್ಟೆ, ಶೇಂಗಾ ತಿನ್ನುವಂತೆ ತಿಳಿಹೇಳಿದೆ. ಮೂರನೆಯ ಸಲ ಶಕ್ತಿ ಪೌಡರಿನ ಪೊಟ್ಟಣ ಕೊಡಿಸಿದೆ. ಕೂಲಿ ಹೆಂಗಸು ಹೊಟ್ಟೆ ಖಾಲಿ ಎಂದರೆ ಹಸಿವು ಎಂದೇ ಅರ್ಥವಾಗಬೇಕೆಂದು ನಾನು ಭಾವಿಸಿದ್ದೆ.

ಅವರ ಕೈಯ ಕೆಲಸ ಕೌದಿ ಹೊಲಿಯುವುದಾಗಿತ್ತು. ತಪಾಸಣೆಗೆ ಬುಧವಾರವೇ ಬರುತ್ತಿದ್ದರು. ವಾಪಸು ಬಸ್ಸಿಗೆ ಮೂರು ತಾಸು ಇರುತ್ತಿತ್ತು. ಆಯಾ ಅವರ ಪಕ್ಕದ ಕೇರಿಯವರೇ ಆಗಿದ್ದರಿಂದ ಪಡಸಾಲೆಗೆ ಕರೆತಂದರು. ಒಂದು ಹಳೆಯ ಸೀರೆಯನ್ನು ಮಡಚಿ ನೆಲಕ್ಕೆ ಹಾಸಿ, ಹರಿದ ಅಂಗಿ, ಲಂಗ, ಚಾದರದ ತುಂಡುಗಳನ್ನು ಸುತ್ತ ಗುಡ್ಡೆ ಹಾಕಿಕೊಂಡು ಕೂತರು. ಕೌದಿಯನ್ನು ಅವರು ನಡುವಿನಿಂದ ಆರಂಭಿಸುವುದಿಲ್ಲ. ಅಂಚಿನಿಂದ ಹಿಡಿದು, ತುಂಡಿನ ಬಾಯಿಯನ್ನು ಒಳಕ್ಕೆ ಮಡಚಿ, ಸಣ್ಣ ನೇರ ಹೊಲಿಗೆಯಲ್ಲಿ ಸುತ್ತು ಹಾಕುತ್ತ ಹಾಕುತ್ತ ಒಳಗೆ ಬರುತ್ತಾರೆ. ಅಳತೆಪಟ್ಟಿಯಿಲ್ಲ, ಗುರುತಿಲ್ಲ. ಮಾಸ್ತರರು ತಮ್ಮ ಕೆಲಸ ಬಿಟ್ಟು ಅದನ್ನೇ ನೋಡುತ್ತ ಕೂರುತ್ತಿದ್ದರು.

“ಅಕ್ಕಾ, ನನ್ನ ಸ್ಕೂಟರಿಗೊಂದು ಸೀಟ್ ಕವರ್ ಹೊಲಕೊಡ,” ಎಂದರು ಒಮ್ಮೆ ಮೆಕ್ಯಾನಿಕ್.

“ಮೊದಲ ಅದಕ್ಕ ಬ್ರೇಕ್ ಹಾಕಸು. ಮಂದಿ ಗಾಡಿ ರಿಪೇರಿ ಮಾಡ್ತಿ, ನಿಂದು ಕಾಲಿಲೆ ನಿಲ್ಲಸ್ತಿ.”

“ಬ್ರೇಕ್ ಇದ್ರ ನಿಮ್ಮೂರ ದಾರ್ಯಾಗ ಏನ್ ಉಪಯೋಗ? ಗುಂಡ್ಯಾಗ ತಾನ ನಿಲ್ತೈತಿ.”

ಇಂಥ ಮಾತು ಬಹಳ ನಡೆಯುತ್ತಿತ್ತು. ಶಸ್ತ್ರಚಿಕಿತ್ಸೆಯ ಮಾತು ಮಾತ್ರ ಅವರು ತೆಗೆಯಲಿಲ್ಲ. ನಾನೂ ಒತ್ತಾಯಿಸಲಿಲ್ಲ. ಒತ್ತಾಯಿಸುವಷ್ಟು ಚೈತನ್ಯ ನನ್ನಲ್ಲಿ ಉಳಿದಿರುತ್ತಿರಲಿಲ್ಲ ಎಂಬುದೇ ಹೆಚ್ಚು ನಿಜ.

ಅವರು ಬರತೊಡಗಿದ ಐದನೆಯ ವಾರ ಹೊಲಿಯುತ್ತಿದ್ದಂತೆಯೇ ಆ ಮಹಿಳೆಯ ಮುಖ ಬೆವರಿತು. ಉಬ್ಬು ಗಟ್ಟಿಯಾಗಿ, ಮಲಗಿಸಿದರೂ ಒಳಕ್ಕೆ ಹೋಗಲಿಲ್ಲ. ಬುಧವಾರ ವೈದ್ಯರ ಭೇಟಿಯ ದಿನವೂ ಆಗಿದ್ದುದು ಅದೃಷ್ಟ. ಮೊಣಕಾಲು ಮಡಚಿಸಿ, ನೋವಿನ ಸೂಜಿ ಕೊಟ್ಟು, ಅಂಗೈಯಿಂದ ಒತ್ತಿ ಹಿಡಿದು, ಸುಮಾರು ಒಂದು ತಾಸಿನ ನಂತರ ಕರುಳು ‘ಗುಳಕ್’ ಎಂದು ಒಳಗೆ ಸರಿಯಿತು. ವೈದ್ಯರು ಕೈ ಒರೆಸಿಕೊಂಡು ಅವರಿಗೆ ನೇರವಾಗಿ ಹೇಳಿದರು.

“ನೋಡವ್ವಾ, ಇವತ್ತು ಹೋತು. ಮುಂದಿನ ಸಲ ಹೋಗಲಿಕ್ಕಿಲ್ಲ. ಕರುಳು ಸಿಕ್ಕಿಬಿತ್ತಂದ್ರ ಒಳಗ ಕೊಳೀತದ. ಆವಾಗ ನಿಮ್ಮೂರಿಂದ ನಮ್ಮ ತನಕ ಬರಲಿಕ್ಕೂ ಟೈಮ್ ಸಿಗಂಗಿಲ್ಲ. ಆಪರೇಷನ್ ದೊಡ್ಡದಲ್ಲ. ತೂತಿನ ಮ್ಯಾಲೆ ಒಂದು ಬಲೆ ಕೂಡ್ರಸ್ತೇವಿ, ಅಷ್ಟ.”

“ಬಲಿ ಹಾಕಾಕ ನಾ ಏನ್ ಕಾಳಿ ಹೊಳಿ ಮೀನೇನ್ರಿ, ಸಾಹೇಬ್ರ? ಒಲ್ಲೆ.”

“ಮತ್ತ ಯಾಕ ಒಲ್ಲಿ?”

“ಹೊಟ್ಟಿ ಖಾಲಿ ಐತ್ರಿ.”

ವೈದ್ಯರು ನನ್ನ ಕಡೆ ನೋಡಿದರು. ಪೌಡರ್ ಕೊಡಲಾಗಿದೆ ಎಂದು ನಾನು ತಿಳಿಸಿದೆ.

ಅದರ ಮುಂದಿನ ಬುಧವಾರ ಕೌದಿ ಮುಗಿಯುವ ಹಂತಕ್ಕೆ ಬಂದಿತ್ತು. ನಾಲ್ಕೂ ಮೂಲೆಗೆ ಬಟ್ಟೆಯ ಪುಟ್ಟ ಹೂಗಳನ್ನು ಕೂರಿಸಿದ್ದರು. ನಡುವೆ ಮಾತ್ರ ಅಂಗೈಯಗಲ ಜಾಗದಲ್ಲಿ ತುಂಡು ಹಾಕದೆ, ಅಡಿಯ ಸೀರೆ ಕಾಣುವಂತೆ ಬಿಟ್ಟು, ದಾರ ಕಡಿದು, ಸೂಜಿಯನ್ನು ಡಬ್ಬಿಗೆ ಹಾಕಿದರು. ನೆಲ ಒರೆಸಲು ಬಂದ ಆಯಾ ಅದನ್ನು ನೋಡಿ ನಿಂತರು.

“ಏ, ಹೊಟ್ಟಿ ತುಂಬಸಲಿಲ್ಲಲ್ಲ? ಯಾವಾಗ ತುಂಬಸ್ತಿ? ನಮ್ಮನ್ನೆಲ್ಲಾ ಕರೀಬೇಕ ಮತ್ತ.”

ನನಗೆ ಅರ್ಥವಾಗಲಿಲ್ಲ. ಆಯಾ ವಿವರಿಸಿದರು. ಅವರಲ್ಲಿ ಕೌದಿಯ ನಡುಭಾಗಕ್ಕೆ ಹೊಟ್ಟೆ ಎನ್ನುತ್ತಾರೆ. ಕೊನೆಯ ತುಂಡನ್ನು ಅಲ್ಲಿ ಹೊಲಿಯುವ ದಿನ ಕೇರಿಯ ಹೆಂಗಸರು ಕೂಡಿ, ಹಾಡಿ, ಸಿಹಿ ತಿಂದು, ಕೌದಿಯ ಹೊಟ್ಟೆ ತುಂಬಿಸುತ್ತಾರೆ. ಹೊಟ್ಟೆ ತುಂಬದ ಕೌದಿಯನ್ನು ಯಾರೂ ಹೊದೆಯುವುದಿಲ್ಲ.

“ಇದಕ್ಕ ತುಂಬಸೂದಿಲ್ಲ,” ಎಂದರು ಆ ಮಹಿಳೆ, ಆಯಾಗಲ್ಲ, ನನಗೆ. “ಇದು ನನ್ನಂಗ ಇರ್ಲಿ. ನಂದೂ ತಗದು, ಹಂಗ ಖಾಲಿ ಹೊಲದಾರ. ಒಳಗ ಏನೂ ಇಲ್ಲಂತ ಕರುಳು ಅತ್ತಿತ್ತ ಅಡ್ಡಾಡತಾವ. ಮೂರು ಸಲ ಹೇಳೇನ್ರಿ ನಿಮಗ, ಹೊಟ್ಟಿ ಖಾಲಿ ಐತಿ ಅಂತ. ಮೂರು ಸಲ ತಿನ್ನಾಕ ಹೇಳಿದ್ರಿ.”



“ಏನ್ ತಗದ್ರಿ ನಂದು?” ಎಂದು ಅವರೇ ಮುಂದುವರಿಸಿ ಕೇಳಿದರು. “ಗಡ್ಡಿ ಅಂದಿದ್ರಿ. ಗಡ್ಡಿ ತಗದ್ರ ಮುಟ್ಟು ಯಾಕ ನಿಲ್ತೈತಿ? ಅದನ್ನ ಹೇಳದ ಮತ್ತೊಮ್ಮೆ ಕೊಯ್ಸಕೋ ಅಂದ್ರ ಹೆಂಗ?”

‘ದಾಖಲೆ ನೋಡಿ ತಿಳಿಸುತ್ತೇನೆ’ ಎಂದು ಉತ್ತರಿಸಿದೆ. ಆದರೆ ದಾಖಲೆ ನೋಡುವ ಅವಶ್ಯಕತೆ ನನಗಿರಲಿಲ್ಲ. ಆದರೂ ನೋಡಿದೆ. ದಾಖಲೆ ಕೋಣೆಯ ಕಪಾಟಿನಲ್ಲಿ, ಎರಡು ವರ್ಷದ ಹಿಂದಿನ ಕಟ್ಟಿನಲ್ಲಿ, ಅವರ ಒಪ್ಪಿಗೆ ಪತ್ರವಿತ್ತು. ಇಂಗ್ಲಿಷಿನಲ್ಲಿ ಎರಡು ಸಾಲು. ಮೊದಲ ಸಾಲಿನಲ್ಲಿ ಗಡ್ಡೆ, ಎರಡನೆಯ ಸಾಲಿನಲ್ಲಿ ಗರ್ಭಚೀಲ. ಕೆಳಗೆ ಅವರ ಹೆಬ್ಬೆಟ್ಟು. ‘ರೋಗಿಯ ಭಾಷೆಯಲ್ಲಿ ವಿವರಿಸಲಾಗಿದೆ’ ಎಂಬ ಮುದ್ರಿತ ವಾಕ್ಯ. ಅದರ ಪಕ್ಕದಲ್ಲಿ ನನ್ನ ಸಹಿ. ಅಂದು ಎಷ್ಟು ಜನರ ಹೆಬ್ಬೆಟ್ಟು ತೆಗೆದುಕೊಂಡಿದ್ದೆನೋ ನೆನಪಿಲ್ಲ. ‘ಹೊಟ್ಟ್ಯಾಗ ಗಡ್ಡಿ ಐತಿ, ತಗೀತಾರ’ ಎಂದು ಹೇಳಿದ್ದು ನೆನಪಿದೆ. ಎರಡನೆಯ ಸಾಲನ್ನು ಹೇಳಿದರೆ ಅಳುತ್ತಾರೆ, ಅತ್ತರೆ ಸಮಾಧಾನ ಮಾಡಬೇಕು, ಹಿಂದೆ ಸರದಿಯಲ್ಲಿ ಬೇರೆಯವರು ನಿಂತಿದ್ದಾರೆ ಎಂಬ ಲೆಕ್ಕದಲ್ಲಿ ಬಿಟ್ಟಿದ್ದೆ. ಮುಂದೆ ವೈದ್ಯರು ಹೇಳುತ್ತಾರೆಂದು ನಾನು ಅಂದುಕೊಂಡೆ. ನರ್ಸ್ ಹೇಳಿರುತ್ತಾಳೆಂದು ಅವರು ಅಂದುಕೊಂಡಿರಬಹುದು.

ಮುಂದಿನ ಭೇಟಿಯಲ್ಲಿ ಈ ವಿಷಯವನ್ನು ಈಗಿನ ವೈದ್ಯರ ಗಮನಕ್ಕೆ ತಂದೆ. ಅವರು ಕಾಗದವನ್ನು ಎರಡು ಸಲ ಓದಿದರು.

“ಸಿಸ್ಟರ್, ಹೇಳಬೇಕು, ಖರೆ. ಆದ್ರ ಈಗ ಹೇಳಿದ್ರ ಆಕಿ ಈ ಕಟ್ಟಡದ ಕಡೆ ಮತ್ತ ಹಣಿಕಿ ಹಾಕಂಗಿಲ್ಲ. ಮೊದಲ ಆಪರೇಷನ್ ಆಗ್ಲಿ. ಆಮ್ಯಾಲೆ ಹೇಳೂಣು. ಜೀವ ಮುಖ್ಯ ಅಲ್ಲೇನ?”

ಅವರ ಮಾತು ತಪ್ಪೆಂದು ನಾನು ಇಂದಿಗೂ ಪೂರ್ತಿಯಾಗಿ ಹೇಳಲಾರೆ. ಕರುಳು ಮತ್ತೊಮ್ಮೆ ಸಿಕ್ಕಿಬಿದ್ದರೆ ಏನಾಗುವುದೆಂದು ಅವರಿಗಿಂತ ಚೆನ್ನಾಗಿ ಬಲ್ಲವರು ನಮ್ಮಲ್ಲಿಲ್ಲ. ಆದರೆ ಈ ಸಲವೂ ಒಂದೇ ಸಾಲು ಹೇಳಿ ಎರಡನೆಯ ಸಲ ಸಹಿ ಹಾಕುವುದು ನನ್ನಿಂದ ಸಾಧ್ಯವಿರಲಿಲ್ಲ. ಬುಧವಾರ ಅವರನ್ನು ಬಟ್ಟೆ ಇಡುವ ಕೋಣೆಗೆ ಕರೆದೊಯ್ದು, ಬಾಗಿಲು ಮುಂದೆ ಮಾಡಿ, ಹೇಳಿದೆ. ಗಡ್ಡೆ ಗರ್ಭಚೀಲದ ಗೋಡೆಯೊಳಗೇ ಬೆಳೆದಿತ್ತು, ಎರಡನ್ನೂ ಕೂಡಿಯೇ ತೆಗೆದರು, ಕಾಗದದಲ್ಲಿ ಬರೆದಿತ್ತು, ನಿಮಗೆ ಓದಿ ಹೇಳಲಿಲ್ಲ ಎಂದೆ. ಅವರು ಅಳಲಿಲ್ಲ. ಒಗೆದು ಮಡಚಿಟ್ಟ ಹಸಿರು ಚಾದರಗಳ ಮೇಲೆ ಕೈಯಾಡಿಸುತ್ತಿದ್ದರು.

“ಎಲ್ಲಿ ಹಾಕಿದ್ರಿ ಅದನ್ನ?”

ಪರೀಕ್ಷೆಗೆ ಕಳುಹಿಸಿ, ನಂತರ ನಿಯಮದಂತೆ ಸುಡಲಾಗುತ್ತದೆ ಎಂದೆ.

“ನಾಕು ಮಕ್ಕಳು ಕೂತ ಜಾಗಾ ಅದು. ಒಂದಕ್ಕ ಉಸಿರು ಇರಲಿಲ್ಲ, ಮೂರು ಅದಾವ. ಸುಡೂ ಮುಂದ ಒಂದ್ ಮಾತ ಹೇಳಬಾರದಿತ್ತೇನ್ರಿ?”

ಕೌದಿಯನ್ನು ಸುತ್ತಿಕೊಂಡು ಹೋದರು. ಮೂರು ಬುಧವಾರ ಬರಲಿಲ್ಲ. ವೈದ್ಯರು ನನಗೆ ಏನೂ ಅನ್ನಲಿಲ್ಲ. ಅಂದಿದ್ದರೆ ಸುಲಭವಿತ್ತು. ಆ ದಿನಗಳಲ್ಲಿ ಫೋನು ಬಂದಾಗಲೆಲ್ಲ, ಸಿಕ್ಕಿಬಿದ್ದ ಕರುಳಿನೊಂದಿಗೆ ಅವರನ್ನು ಯಾವುದೋ ಟೆಂಪೋದಲ್ಲಿ ತರುತ್ತಿದ್ದಾರೆಂದೇ ಎತ್ತುತ್ತಿದ್ದೆ. ಮಾಸ್ತರರು ಪಡಸಾಲೆಯ ಆ ಮೂಲೆಯಲ್ಲಿ ಬೇರೆ ಯಾರನ್ನೂ ಕೂರಿಸಲಿಲ್ಲ.

ನಾಲ್ಕನೆಯ ವಾರ ನನ್ನ ರಜೆಯ ದಿನ ಆಯಾಳ ಜೊತೆ ಆ ಮಹಿಳೆಯ ಕೇರಿಗೆ ಹೋದೆ. ವೈದ್ಯರನ್ನು ಕೇಳಿ, ಅವಧಿ ಮೀರಿದ ಒಂದು ಬಲೆಯ ಪೊಟ್ಟಣವನ್ನು ಚೀಲದಲ್ಲಿ ಇಟ್ಟುಕೊಂಡಿದ್ದೆ. ಬಸ್ಸಿಳಿದು ತೇಗದ ತೋಪಿನೊಳಗೆ ಎರಡು ಮೈಲಿ ನಡೆಯಬೇಕಿತ್ತು. ಅಂಗಳದಲ್ಲಿ ನಾಲ್ಕಾರು ಹೆಂಗಸರು ಹೊಲಿಯುತ್ತ ಕೂತಿದ್ದರು. ಅವರ ನಡುವೆ ಕೂತಿದ್ದ ಆ ಮಹಿಳೆ ನನ್ನನ್ನು ಕಂಡು ಉಳಿದವರಿಗೆ ಹೇಳಿದರು:

“ಬಂದ್ರ ನೋಡ್ರವಾ ಪಥ್ಯದ ಬಾಯಿಯವರು. ಏನ್ ತಂದೀರಿ ಈ ಸಲ? ಮೊಟ್ಟಿ? ಪೌಡರ್?”

ಎಲ್ಲರೂ ನಕ್ಕರು. ನಾನು ನಗಲೂ ಆಗದೆ ನಿಲ್ಲಲೂ ಆಗದೆ ಕಟ್ಟೆಯ ಮೇಲೆ ಕೂತೆ. ನೀರು ಕೊಟ್ಟರು. ಪೊಟ್ಟಣ ಬಿಚ್ಚಿ ಬಲೆಯನ್ನು ಅವರ ಕೈಗಿತ್ತು, ಒಳಗೆ ಹಾಕುವುದು ಇದೇ, ಸಾಹೇಬರು ಬಲೆ ಎಂದದ್ದು ಇದಕ್ಕೇ ಎಂದೆ. ಅವರು ಹೆಬ್ಬೆರಳು ತೋರುಬೆರಳಿನ ನಡುವೆ ಅದನ್ನು ತಿಕ್ಕಿದರು. ಉದ್ದಕ್ಕೆ ಎಳೆದರು, ಅಡ್ಡಕ್ಕೆ ಎಳೆದರು, ಮೂಲೆಯಿಂದ ಮೂಲೆಗೆ ಎಳೆದರು. ಪಕ್ಕದವರಿಗೆ ಕೊಟ್ಟರು. ಅದು ಕೈಯಿಂದ ಕೈಗೆ ಸುತ್ತಿ ಬಂತು.

“ಇದು ಬಲಿ ಅಲ್ರಿ, ತ್ಯಾಪಿ,” ಎಂದರು ಒಬ್ಬ ಮುದುಕಿ. ಹರಿದ ಬಟ್ಟೆಗೆ ಹಾಕುವ ತೇಪೆಗೆ ಅವರು ಹಾಗೆನ್ನುತ್ತಾರೆ. “ತ್ಯಾಪಿ ಅಂತ ಹೇಳಾಕ ಏನ್ ಆಗಿತ್ತು ನಿಮ್ಮ ಸಾಹೇಬಗ?”

“ಹರಕಿನಷ್ಟ ಕತ್ರಿಸಿ ಹಾಕ್ತಾರೇನು?” ಎಂದು ಆ ಮಹಿಳೆ ನನ್ನನ್ನು ಕೇಳಿದರು. “ಹಂಗ ಹಾಕಿದ್ರ ನಿಲ್ಲೂದಿಲ್ಲ. ಹರಕಿಗಿಂತ ಸುತ್ತ ನಾಕು ಬೆರಳು ದೊಡ್ಡದು ಬೇಕು. ಇದು ಮೂಲಿಗೆ ಹಿಗ್ಗೂ ಬಟ್ಟಿ.”

ಕೇಳಿ ಹೇಳುತ್ತೇನೆ ಎಂದೆ. ಈ ಸಲ ನಿಜವಾಗಿಯೂ ಕೇಳಿ ಹೇಳಬೇಕಾದ ವಿಷಯವಾಗಿತ್ತು. ಹೊರಡುವಾಗ ಬರುತ್ತೀರಾ ಎಂದು ಕೇಳಲಿಲ್ಲ. ಆಯಾ ಕೇಳಿದರು. “ನೋಡ್ತೇನಿ,” ಎಂದರು ಅವರು.

ಬುಧವಾರ ಬಂದರು. ವೈದ್ಯರ ಮುಂದೆ ಕೂತು ತಮ್ಮ ಷರತ್ತು ಹೇಳಿದರು. ಹೊಟ್ಟೆಯಿಂದ ಕೆಳಗಷ್ಟೇ ಮರಗಟ್ಟಿಸಬೇಕು, ಪೂರ್ತಿ ಮಂಪರು ಬೇಡ. ಸಿಸ್ಟರ್ ತಲೆಯ ಹತ್ತಿರ ನಿಂತು, ಒಳಗೆ ನಡೆಯುವುದನ್ನೆಲ್ಲ ಗಟ್ಟಿಯಾಗಿ ಹೇಳುತ್ತಿರಬೇಕು. ತೇಪೆ ನಾಲ್ಕು ಬೆರಳು ದೊಡ್ಡದಿರಬೇಕು.

ವೈದ್ಯರು ಮೊದಲು ಕನ್ನಡಕ ತೆಗೆದು, ಮತ್ತೆ ಹಾಕಿಕೊಂಡರು. “ನಾವೂ ಅಷ್ಟ ಬಿಡ್ತೇವಿ, ಅವ್ವಾ,” ಎಂದರು. “ನನಗ ಅದನ್ನ ಕಲಸ್ಲಿಕ್ಕೆ ದೊಡ್ಡ ಕಾಲೇಜಿನಾಗ ಭಾಳ ವರ್ಷ ತಗೊಂಡ್ರು.”

ಒಪ್ಪಿಗೆ ಪತ್ರವನ್ನು ಕನ್ನಡದಲ್ಲಿ ಕೈಯಿಂದ ಬರೆದೆ. ಎರಡು ಸಲ ಓದಿ ಹೇಳಿ, ಅಭ್ಯಾಸಬಲದಿಂದ ಮಸಿಯ ಪೆಟ್ಟಿಗೆಯನ್ನು ಮುಂದೆ ಸರಿಸಿದೆ. ಅವರು ಅದನ್ನು ವಾಪಸು ಸರಿಸಿ, ನನ್ನ ಕೈಯಲ್ಲಿದ್ದ ಪೆನ್ನು ತೆಗೆದುಕೊಂಡರು. ನಾಲ್ಕನೆಯ ಇಯತ್ತೆಯವರೆಗೆ ಓದಿದ್ದರಂತೆ. ನಾವು ಎಂದೂ ಕೇಳಿರಲಿಲ್ಲ. ಹೆಸರು ಬರೆಯಲು ಸ್ವಲ್ಪ ಹೊತ್ತು ಹಿಡಿಯಿತು. ಸರದಿಯಲ್ಲಿ ನಿಂತವರು ನಿಂತೇ ಇದ್ದರು.

ಶಸ್ತ್ರಚಿಕಿತ್ಸೆ ಸುಮಾರು ಎರಡು ತಾಸು ನಡೆಯಿತು. ನಾನು ಅವರ ತಲೆಯ ಬಳಿ ನಿಂತು ವರದಿ ಒಪ್ಪಿಸುತ್ತಿದ್ದೆ. ಚರ್ಮ ಬಿಡಿಸಿದರು, ಹಳೆಯ ಹೊಲಿಗೆ ಕಂಡಿತು, ಕರುಳು ಕೆಂಪಗಿದೆ, ಆರೋಗ್ಯವಾಗಿದೆ, ಒಳಕ್ಕೆ ಸರಿಸಿದರು. ಒಂದು ಹಂತದಲ್ಲಿ ವೈದ್ಯರ ಕೈಯನ್ನೇ ನೋಡುತ್ತ ಹೇಳುವುದನ್ನು ಮರೆತೆ.

“ಯಾಕ ಸುಮ್ಮನಾದ್ರಿ? ಯಾವ ಕಡಿಂದ ಹೊಲ್ಯಾಕ ಹತ್ಯಾರ?”

ಪರದೆಯ ಆಚೆಯಿಂದ ವೈದ್ಯರೇ ಉತ್ತರಿಸಿದರು. “ಅಂಚಿನಿಂದ.”

“ಹಾಂ. ನಡೀಲಿ.”

ಗಾಯ ಚೆನ್ನಾಗಿ ಮಾಯಿತು. ಆ ಕೌದಿಯನ್ನು ಚೌಕಟ್ಟು ಹಾಕಿ ಮುಂಬಾಗಿಲಿನಲ್ಲಿ ತೂಗುಹಾಕಬೇಕೆಂದು ಆಡಳಿತ ಮಂಡಳಿಯವರು ಅಪೇಕ್ಷಿಸಿದರು. ಮಾಸ್ತರರೇ ಬೇಡವೆಂದು ತಿಳಿಹೇಳಿದರು. ಅದು ಮುಂದೆ ಏನಾಯಿತೆಂದು ನನಗೆ ತಿಳಿದಿಲ್ಲ, ಕೇಳುವುದು ಸರಿಯೆನಿಸಲಿಲ್ಲ.

ಬಿಡುಗಡೆಯ ದಿನ ನನ್ನ ಪಾಳಿ ಮುಗಿದಿತ್ತು. ಚೀಲ ಹೆಗಲಿಗೆ ಹಾಕಿ ಹೊರಬಂದಾಗ ಅವರು ಬೆಂಚಿನ ಮೇಲೆ ಕೂತು, ಬಿಡುಗಡೆ ಪತ್ರದ ಮೇಲೆ ಬೆರಳಿಟ್ಟು ಓದುತ್ತಿದ್ದರು. ಈ ಸಲದ ವಿವರವನ್ನು ಕನ್ನಡದಲ್ಲಿ ಬರೆಸಲಾಗಿತ್ತು.

“ಇದರಾಗ ಹಿಂದಿಂದು ಇಲ್ಲಲ್ರಿ? ನಾಳೆ ಬ್ಯಾರೆ ದವಾಖಾನಿಗೆ ಹೋದ್ರ ನಾ ಏನ್ ಹೇಳ್ಲಿ? ಅದನ್ನೂ ಬರೀರಿ.”

ಪಕ್ಕದಲ್ಲಿ ಕೂತು, ಮೊಣಕಾಲ ಮೇಲೆ ಕಾಗದವಿಟ್ಟು, ‘ಹಿಂದಿನ ಶಸ್ತ್ರಚಿಕಿತ್ಸೆಯಲ್ಲಿ ಗಡ್ಡೆಯೊಂದಿಗೆ ಗರ್ಭಚೀಲವನ್ನು ತೆಗೆಯಲಾಗಿದೆ’ ಎಂದು ಬರೆದೆ. ಅವರು ಓದಿದರು.

“ನನಗ ಹೇಳಿರಲಿಲ್ಲಂತನೂ ಬರೀರಿ.”

ಆಸ್ಪತ್ರೆಯ ಕಾಗದದ ಮೇಲೆ ಅಂಥದ್ದನ್ನು ಬರೆದರೆ ಏನಾಗಬಹುದೆಂದು ಯೋಚಿಸಿದೆ. ಬಹಳ ಯೋಚಿಸುವಷ್ಟು ಶಕ್ತಿ ಇರಲಿಲ್ಲ. ‘ಸದರಿ ವಿಷಯವನ್ನು ರೋಗಿಗೆ ತಿಳಿಸಲಾಗಿರಲಿಲ್ಲ’ ಎಂದು ಬರೆದೆ.

ಅವರು ಬೆರಳಿಟ್ಟು, ಅಕ್ಷರ ಅಕ್ಷರ ಬಿಡಿಸಿ ಓದಿದರು. “ತಿ-ಳಿ-ಸ-ಲಾ-ಗಿ-ರ-ಲಿ-ಲ್ಲ.” ನನ್ನ ಮುಖ ನೋಡಿದರು. “ಇಷ್ಟುದ್ದ ಐತಿ. ಆದ್ರ ಇದರಾಗ ಮನಷ್ಯಾರ ಯಾರೂ ಇಲ್ಲಲ್ರಿ?”

ಆ ಸಾಲನ್ನು ಹೊಡೆದುಹಾಕಿದೆ. ಹೊಡೆದುಹಾಕಿದ ಕಡೆ ನಿಯಮದಂತೆ ಚಿಕ್ಕ ಸಹಿ ಮಾಡಿದೆ. ಕೆಳಗೆ ‘ನಾನು ಹೇಳಲಿಲ್ಲ’ ಎಂದು ಬರೆದು, ಪೂರ್ತಿ ಹೆಸರು ಹಾಕಿದೆ.

ಅವರು ಅದನ್ನು ಬೆರಳಿಡದೆ ಓದಿದರು.

“ಹಾಂ. ಇದು ಸಣ್ಣದ ಐತಿ,” ಎಂದರು. “ಓದಾಕ ಬರ್ತೈತಿ.”